ಬಕೆಟ್ ಲೆಕ್ಕ ಕ್ರಷರ್‌ನವರದು, ಟನ್ ಲೆಕ್ಕ ಡ್ರೈವರ್‌ನದು

ನಿವೃತ್ತ ಮೋಟಾರು ವಾಹನ ನಿರೀಕ್ಷಕರೊಬ್ಬರು (ನಿಮ್ಮ ಭಾಷೆಯಲ್ಲಿ ಬ್ರೇಕ್ ಇನ್ಸ್‌ಪೆಕ್ಟರು) ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.

ಪ್ರಶ್ನೆ: ನಮಸ್ಕಾರ ಸರ್. ಹತ್ತು ಚಕ್ರದ ಟಿಪ್ಪರ್ ಓಡಿಸ್ತೀನಿ, ಹನ್ನೊಂದು ವರ್ಷ ಆಯ್ತು. ಹೋದ ತಿಂಗಳು ಎಂ-ಸ್ಯಾಂಡ್ (ಕ್ರಷರ್‌ನಲ್ಲಿ ಕಲ್ಲು ಪುಡಿ ಮಾಡಿದ ಮರಳು) ತುಂಬಿಕೊಂಡು ಬೆಂಗಳೂರಿಗೆ ಹೋಗುವಾಗ ಆರ್‌ಟಿಓದವರು ಹಿಡಿದು ತೂಕ ಹಾಕಿಸಿದರು. ಆರ್‌ಸಿಯಲ್ಲಿ ಒಟ್ಟು ತೂಕ 28,000 ಕೆ.ಜಿ. ಇದೆ, ಬಂದದ್ದು 35,000. ದಂಡ ಓನರ್ ಕಟ್ಟಿದರು. ಈಗ ಅರ್ಧ ನಿನ್ನ ಸಂಬಳದಲ್ಲಿ ಹಿಡೀತೀನಿ ಅಂತಾರೆ. ಸಾಲದ್ದಕ್ಕೆ ಲೈಸೆನ್ಸ್ ಮೂರು ತಿಂಗಳು ಯಾಕೆ ಅಮಾನತು ಮಾಡಬಾರದು ಅಂತ ನೋಟಿಸ್ ಬಂದಿದೆ. ಲೋಡ್ ಹಾಕಿಸಿದ್ದು ಅವರು, ಲೈಸೆನ್ಸ್ ಹೋಗೋದು ನನ್ನದಾ? ದಂಡ ಕಟ್ಟಿದ ಮೇಲೂ ಇದೇನು?
(ಹೆಸರು ಬೇಡ, ಶಿರಾ ತಾಲ್ಲೂಕು)

ಉತ್ತರ: ಮೊದಲು ನಾನೊಂದು ಕೇಳುತ್ತೇನೆ. ಆ ಹೆಚ್ಚುವರಿ ಏಳು ಟನ್ ಎಲ್ಲಿ ಇಳಿಸಿದಿರಿ? ಪತ್ರದಲ್ಲಿ ಬರೆದಿಲ್ಲ. ದಂಡ ಕಟ್ಟಿ ಅದೇ ಲೋಡಿನಲ್ಲಿ ಮುಂದೆ ಹೋದಿರಿ ಅಂತ ನನ್ನ ಅನುಮಾನ. ಹಾಗಿದ್ದರೆ ಅದು ಇನ್ನೊಂದು ತಪ್ಪು, ಅದರಲ್ಲಿ ಬಿಟ್ಟು ಕಳಿಸಿದವರ ಪಾಲೂ ಇದೆ. ದಂಡ ವಸೂಲಿ ಮಾಡಿ ಓವರ್‌ಲೋಡ್ ಗಾಡಿಯನ್ನು ಹಾಗೇ ಬಿಡಕೂಡದು, ಹೆಚ್ಚಿನ ಮಾಲು ಇಳಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಆಗ ಕೆಲವು ರಾಜ್ಯಗಳಲ್ಲಿ ಕಾರ್ಡು, ಟೋಕನ್ ಕೊಟ್ಟು ಗಾಡಿ ಬಿಡುವ ಪದ್ಧತಿ ಇತ್ತು. ಈಗ ಮೋಟಾರು ವಾಹನ ಕಾಯಿದೆಯ 194ನೇ ಸೆಕ್ಷನ್ನಿನಲ್ಲೇ ಇಳಿಸಬೇಕು ಅಂತ ಬರೆದಿದೆ. ಇಳಿಸುವ ಕೂಲಿಯೂ ನಿಮ್ಮ ಕಡೆಯದೇ, ಇಳಿಸಿದ ಮಾಲಿಗೆ ಏನಾದರೂ ಆದರೆ ಅದೂ ನಿಮ್ಮ ಕಡೆಯದೇ.

ದಂಡದ ಲೆಕ್ಕ ನೋಡಿ. 2019ರ ಸೆಪ್ಟೆಂಬರ್ 1ರಿಂದ ಬಂದ ತಿದ್ದುಪಡಿಯಂತೆ ಮೊದಲು 20,000, ಆಮೇಲೆ ಹೆಚ್ಚಿನ ಒಂದೊಂದು ಟನ್ನಿಗೂ 2,000. ನಿಮ್ಮ ಏಳು ಟನ್ನಿಗೆ 34,000. ನಾನು ಕೆಲಸದಲ್ಲಿದ್ದಾಗ ಇದು ಶುರುವಾಗುತ್ತಿದ್ದದ್ದೇ 2,000ದಿಂದ. ಎರಡು ಟ್ರಿಪ್ಪಿನ ಲಾಭದಲ್ಲಿ ದಂಡ ಕಳೆದುಬಿಡುತ್ತೆ ಅಂತ ಓನರುಗಳು ನಮ್ಮೆದುರೇ ನಗುತ್ತಿದ್ದರು.

ಇನ್ನು ಲೈಸೆನ್ಸು. ದಂಡ ಕಟ್ಟಿದರೆ ಮುಗಿಯುವುದು ದಂಡದ ಕೇಸು ಮಾತ್ರ. ಲೈಸೆನ್ಸಿನ ದಾರಿ ಬೇರೆ, ಅದು 19ನೇ ಸೆಕ್ಷನ್. ಯಾವ ಯಾವ ತಪ್ಪಿಗೆ ಅಮಾನತು ಮಾಡಬಹುದು ಅಂತ ಕೇಂದ್ರ ನಿಯಮಗಳಲ್ಲಿ ಒಂದು ಪಟ್ಟಿ ಇದೆ, ಅದರಲ್ಲಿ ಸರಕು ಗಾಡಿಯ ಓವರ್‌ಲೋಡ್ ಸೇರಿದೆ. ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲಿ ಇಂಥದ್ದಕ್ಕೆ ಕಡಿಮೆಯೆಂದರೆ ಮೂರು ತಿಂಗಳು ಅಮಾನತು ಮಾಡಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿತು. ನಿಮ್ಮ ನೋಟಿಸಿನ ಮೂರು ತಿಂಗಳು ಬಂದದ್ದು ಅಲ್ಲಿಂದ.

ಆದರೆ ನಿಮ್ಮ ಮಾತು ಕೇಳದೆ ಅಮಾನತು ಮಾಡುವಂತಿಲ್ಲ. ನೋಟಿಸ್ ಬಂದಿರುವುದೇ ಅದಕ್ಕೆ. ಬಹಳ ಜನ ಅದನ್ನು ಸೀಟಿನ ಕೆಳಗೆ ತುರುಕಿ ಮರೆತುಬಿಡುತ್ತಾರೆ. ನೀವು ನೋಟಿಸಿನಲ್ಲಿ ಹೇಳಿದ ದಿನ ಹೋಗಿ, ಬರವಣಿಗೆಯಲ್ಲಿ ಉತ್ತರ ಕೊಡಿ, ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಳ್ಳಿ. ಕ್ರಷರ್‌ನ ತೂಕದ ಚೀಟಿ, ಗಣಿ ಇಲಾಖೆಯ ಪಾಸು, ಓನರ್ ಕಳಿಸಿದ ವಾಟ್ಸಾಪ್ ವಾಯ್ಸ್, ಏನಿದೆಯೋ ಎಲ್ಲ ಜೊತೆಗಿಡಿ. ಹನ್ನೊಂದು ವರ್ಷದಲ್ಲಿ ಬೇರೆ ಕೇಸಿಲ್ಲದಿದ್ದರೆ ಅದನ್ನೂ ಬರೆಯಿರಿ. ಆದೇಶ ನಿಮ್ಮ ವಿರುದ್ಧ ಬಂದರೆ ಕೈಗೆ ಸಿಕ್ಕ 30 ದಿನದೊಳಗೆ ಮೇಲ್ಮನವಿ ಹಾಕಬಹುದು.

ಓನರ್ ವಿಷಯದಲ್ಲಿ ಕಾಯಿದೆ ನೀವು ಅಂದುಕೊಂಡಷ್ಟು ಕುರುಡಲ್ಲ. ಓಡಿಸಿದವನ ಜೊತೆಗೆ ಓಡಿಸಲು ಹಚ್ಚಿದವನೂ ಬಿಟ್ಟವನೂ ತಪ್ಪಿತಸ್ಥರೇ. ಗಾಡಿ ಡ್ರೈವರ್‌ನ ಸ್ವಂತದ್ದಲ್ಲದಿದ್ದರೆ ಓನರ್‌ಗೆ ಗೊತ್ತಿದ್ದೇ, ಅವನ ಮಾತಿನಂತೆಯೇ ಇದು ನಡೆದಿದೆ ಅಂತ ಕೋರ್ಟು ಭಾವಿಸಬಹುದು; 113ನೇ ಸೆಕ್ಷನ್ನಿನ ನಾಲ್ಕನೇ ಉಪವಿಭಾಗ ಓದಿಸಿ ನೋಡಿ. ರಸ್ತೆಯಲ್ಲಿ ಮಾತ್ರ ಕೈಗೆ ಸಿಗುವವನು ಡ್ರೈವರ್ ಒಬ್ಬನೇ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಚೆಕ್ ರಿಪೋರ್ಟ್ ಬರೆಯುವಾಗ ಎದುರಿಗಿದ್ದವನ ಹೆಸರು ಬರೆದು ಸಹಿ ಹಾಕಿಸಿಕೊಳ್ಳುತ್ತೇವೆ, ನಾನೂ ಅದನ್ನೇ ಮಾಡಿದವನು. ಒಬ್ಬ ಹುಡುಗ ಮಾತ್ರ, 'ಸರ್, ನಾನು ಲೋಡರಿನ 4 ಬಕೆಟ್ ಸಾಕು ಅಂದೆ, ಓನರ್ ಫೋನ್ ಮಾಡಿ 6 ಹಾಕಿಸಿದರು, ಅದನ್ನೂ ಬರೀರಿ' ಅಂದ. ಅವನ ಮೊಬೈಲು ನೋಡಿ ಬರೆದೆ. ಅಷ್ಟು ವರ್ಷದ ನೌಕರಿಯಲ್ಲಿ ಹಾಗೆ ಕೇಳಿದವನು ಅವನೊಬ್ಬನೇ.

ಸಂಬಳ ಹಿಡಿಯುವ ಮಾತು ಬಿಡಿ, ಅದು ನಡೆಯುವುದಿಲ್ಲ. 1936ರ ವೇತನ ಪಾವತಿ ಕಾಯಿದೆಯಲ್ಲೂ ಅದರ ಜಾಗಕ್ಕೆ ಬಂದ ಹೊಸ ವೇತನ ಸಂಹಿತೆಯಲ್ಲೂ ದಂಡದ ಹೆಸರಲ್ಲಿ ಹಿಡಿಯುವ ಹಣಕ್ಕೆ ಮಿತಿ ಸಂಬಳದ 3%. 20,000 ಸಂಬಳವಾದರೆ 600 ರೂಪಾಯಿ. ಅದಕ್ಕೂ ಮೊದಲು ನಿಮ್ಮ ಸಮಜಾಯಿಷಿ ಕೇಳಬೇಕು. 17,000 ಹಿಡಿದರೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಿ. ಕೆಲಸ ಬಿಡಿಸುತ್ತಾರೆ ಅನ್ನುವ ಭಯ ನನಗೂ ಅರ್ಥವಾಗುತ್ತದೆ, ಆದರೆ ಲೆಕ್ಕ ಗೊತ್ತಿರಲಿ.

ಲೈಸೆನ್ಸ್ ಅಮಾನತಾದರೆ 'ರಾತ್ರಿ ಒಂದು ಟ್ರಿಪ್ ಹೊಡಿ, ಯಾರು ನೋಡ್ತಾರೆ' ಅನ್ನುವ ಮಾತಿಗೆ ಬೀಳಬೇಡಿ. ಸಿಕ್ಕಿಬಿದ್ದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 10,000 ದಂಡ, ಎರಡೂ ಆಗಬಹುದು. ಅಪಘಾತವಾಗಿ ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಬೀಳುತ್ತದೆ, ಐದು ವರ್ಷದವರೆಗೆ ಶಿಕ್ಷೆ. ಆಗ ನಿಮ್ಮ ತೂಕದ ಚೀಟಿಯೇ ನಿಮ್ಮ ವಿರುದ್ಧ ಸಾಕ್ಷಿ. 28 ಟನ್ನಿನ ಗಾಡಿ 35 ಟನ್ ಆದರೆ ಅದೇ ವೇಗದಲ್ಲಿ ನಿಲ್ಲಿಸಲು ಬ್ರೇಕು ನುಂಗಬೇಕಾದ ಶಕ್ತಿ ಕಾಲು ಭಾಗ ಹೆಚ್ಚು. ಇಳಿಜಾರಿನಲ್ಲಿ ಡ್ರಮ್ ಕಾದು ವಾಸನೆ ಬರುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಇನ್ನೊಂದು ಮಾತು, ನೀವು ಕೇಳದ್ದು. ಪಾಸಿನಲ್ಲಿ ಬರೆದದ್ದಕ್ಕಿಂತ ಹೆಚ್ಚು ಹೇರಿದ ಮರಳಿಗೆ ರಾಯಲ್ಟಿ ಕಟ್ಟಿರುವುದಿಲ್ಲ. ಗಣಿ ಮತ್ತು ಭೂವಿಜ್ಞಾನ ಇಲಾಖೆಯವರು ಅಕ್ರಮ ಸಾಗಣೆ ಅಂತ ಗಾಡಿಯನ್ನೇ ಹಿಡಿಯಬಹುದು. ತೊಳೆದ ಮರಳು ಹಸಿಯಾಗಿದ್ದಾಗ ಬಕೆಟ್ ಲೆಕ್ಕ ಏನೂ ಹೇಳುವುದಿಲ್ಲ. ಕ್ರಷರ್ ಗೇಟ್ ದಾಟುವ ಮುಂಚೆ ಅಲ್ಲೇ ವೇಬ್ರಿಡ್ಜ್ ಹತ್ತಿಸಿ, ಚೀಟಿಯ ಫೋಟೊ ಓನರ್‌ಗೆ ಕಳಿಸಿ, 'ಏಳು ಟನ್ ಜಾಸ್ತಿ ಇದೆ, ಏನು ಮಾಡಲಿ' ಅಂತ ಬರೆದು ಕೇಳಿ. ಬಾಯಲ್ಲಿ ಕೇಳಬೇಡಿ.

ಪ್ರಶ್ನೆ: ಭತ್ತದ ಹುಲ್ಲು ಸಾಗಿಸುತ್ತೇನೆ. ತೂಕ ಅರ್ಧವೂ ಇರುವುದಿಲ್ಲ. ಆದರೂ 20,000 ಹಾಕಿದ್ದಾರೆ. ಸರಿಯೇ?
(ಗಂಗಾವತಿ)

ಉತ್ತರ: ಸರಿ. ನಿಮ್ಮದು ತೂಕದ ಕೇಸಲ್ಲ. ಲೋಡು ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಚಾಚಿಕೊಂಡರೂ ಮಿತಿ ಮೀರಿ ಎತ್ತರವಾದರೂ 2019ರ ನಂತರ ಅದು ಬೇರೆಯೇ ತಪ್ಪು, ಅದಕ್ಕೂ 20,000. ಅಧಿಕಾರಿಗಳಿಂದ ಮೊದಲೇ ವಿನಾಯಿತಿ ಪಡೆದಿದ್ದರೆ ಮಾತ್ರ ಬಿಡುತ್ತಾರೆ. ಹಿಂದೆ ಬರುವ ಬೈಕಿನವನಿಗೆ ನಿಮ್ಮ ಇಂಡಿಕೇಟರ್ ಕಾಣುತ್ತದೆಯೇ ಅಂತ ಒಮ್ಮೆ ಇಳಿದು ನೋಡಿ.

ಪ್ರಶ್ನೆ: ತೂಕಕ್ಕೆ ಬಾ ಅಂದಾಗ ನಿಲ್ಲಿಸದೆ ಹೋದರೆ, ಇಲ್ಲವೇ ದಾರಿಯಲ್ಲಿ ಸ್ವಲ್ಪ ಸುರಿದುಬಿಟ್ಟರೆ?
(ಹೊಸಪೇಟೆ)

ಉತ್ತರ: ಎರಡಕ್ಕೂ 40,000. ಬಹುಪಾಲು ಸಲ ಓವರ್‌ಲೋಡಿನ ದಂಡಕ್ಕಿಂತ ಇದೇ ದುಬಾರಿ.