ಹೊರದೇಶದ ಸೆಕೆಂಡ್ ಹ್ಯಾಂಡ್ ಕಾರು: ಕಾಗದ ಇದ್ದರೆ ಸಾಲದು, ಒಂದಕ್ಕೊಂದು ತಾಳೆ ಆಗಬೇಕು

ಪ್ರಶ್ನೆ: ಜಪಾನಿನ ಹರಾಜಿನಲ್ಲಿ ಬಳಸಿದ ಕಾರೊಂದನ್ನು ಕೊಂಡಿದ್ದೇನೆ. ಹಣ ಕಟ್ಟಿ ಆಯಿತು, ಕಾರು ಹಡಗು ಹತ್ತುವುದು ಬಾಕಿ. ಏಜೆಂಟ್ ಕೇಳಿದರೆ "ಎಲ್ಲಾ ಪೇಪರ್ ಬರುತ್ತೆ ಬಿಡಿ" ಅಂತಾರೆ. ಯಾವ ಪೇಪರ್ ಅಂತ ಮಾತ್ರ ಹೇಳಲ್ಲ. ನಮ್ಮಲ್ಲಿ ನೋಂದಣಿ ಮಾಡಿಸಲು ಏನೇನು ಬೇಕು?

ಉತ್ತರ: ಕಾರು ಇನ್ನೂ ಹಡಗು ಹತ್ತಿಲ್ಲ ಅಂದಿರಲ್ಲ, ಒಳ್ಳೆಯದಾಯಿತು. ಈಗ ಒಂದು ಇ-ಮೇಲ್‌ನಲ್ಲಿ ಮುಗಿಯುವ ಕೆಲಸಕ್ಕೆ ಕಾರು ಬಂದಿಳಿದ ಮೇಲೆ ವಾರಗಟ್ಟಲೆ ಅಲೆಯಬೇಕಾಗುತ್ತದೆ.

ಕಾಗದಗಳು ಮೂರು ಕೈಯಿಂದ ಬರುತ್ತವೆ. ಮೊದಲನೆಯದು ಮಾರಿದ ದೇಶ. ಗಾಡಿಯನ್ನು ಅಲ್ಲಿನ ನೋಂದಣಿಯಿಂದ ತೆಗೆದುಹಾಕಲಾಗಿದೆ, ಹೊರಗೆ ಕಳಿಸಬಹುದು ಅನ್ನುವ ಪತ್ರ ಬೇಕು. ಜಪಾನಿನಲ್ಲಿ ಅದು ಎಕ್ಸ್‌ಪೋರ್ಟ್ ಸರ್ಟಿಫಿಕೇಟ್. ಅದರ ಜೊತೆಗೆ ನಿಮ್ಮ ಹೆಸರಿನಲ್ಲಿ ಮಾರಾಟದ ಬಿಲ್. ಎರಡನೆಯದು ಹಡಗು ಕಂಪನಿ ಕೊಡುವ ಬಿಲ್ ಆಫ್ ಲೇಡಿಂಗ್, ಅಂದರೆ ಸರಕು ಹತ್ತಿಸಿಕೊಂಡದ್ದಕ್ಕೆ ರಸೀದಿ. ಬಂದರಿನಲ್ಲಿ ಗಾಡಿ ಬಿಡಿಸಿಕೊಳ್ಳಲು ಇದೇ ಕೀಲಿಕೈ. ಮೂರನೆಯದು ನಿಮ್ಮ ದೇಶದ ಕಸ್ಟಮ್ಸ್. ಸುಂಕ ಕಟ್ಟಿದ ರಸೀದಿ ಮತ್ತು ಗಾಡಿ ಬಿಟ್ಟುಕೊಟ್ಟ ಪತ್ರ. ಇವುಗಳ ಮೇಲೆ ತಪಾಸಣೆ ವರದಿ, ವಿಮೆ, ನಿಮ್ಮ ಗುರುತಿನ ಚೀಟಿ, ವಿಳಾಸದ ದಾಖಲೆ. ಇವು ಎಲ್ಲಾ ಕಡೆ ಇದ್ದದ್ದೇ.

ಪಟ್ಟಿ ಇಷ್ಟೇ. ಪಟ್ಟಿಯಲ್ಲಿ ಇರುವುದನ್ನು ಜನ ಹೇಗೋ ಹೊಂದಿಸುತ್ತಾರೆ. ಫೈಲ್ ವಾಪಸ್ ಬರುವುದು ಬೇರೆ ಕಾರಣಕ್ಕೆ. ಒಂದು ಕಾಗದದಲ್ಲಿ ಇರುವುದು ಇನ್ನೊಂದರಲ್ಲಿ ಇರುವುದಿಲ್ಲ. ಜಾಸ್ತಿ ಕಾಡುವುದು ಎರಡು: ಚಾಸಿ ನಂಬರ್ ಮತ್ತು ತಾರೀಖು.

ಚಾಸಿ ನಂಬರ್ ನೋಡೋಣ. 1980ರ ದಶಕದಿಂದ ಈಚೆಗೆ ಹೆಚ್ಚಿನ ದೇಶಗಳು ಬಳಸುವ ವಿಐಎನ್‌ನಲ್ಲಿ (ಗಾಡಿಯ ಗುರುತಿನ ಸಂಖ್ಯೆ) 17 ಅಕ್ಷರ-ಅಂಕಿಗಳಿರುತ್ತವೆ. ಇಂಗ್ಲಿಷಿನ ಐ, ಓ, ಕ್ಯೂ ಮೂರು ಅಕ್ಷರಗಳನ್ನು ಅದರಲ್ಲಿ ಬಳಸುವುದೇ ಇಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲ ಆಗದಿರಲಿ ಅಂತ. ಆದರೆ ಜಪಾನಿನ ಒಳಮಾರುಕಟ್ಟೆಗೆಂದೇ ಮಾಡಿದ ಕಾರಿನಲ್ಲಿ ಈ 17ರ ಲೆಕ್ಕ ಇರುವುದಿಲ್ಲ. ಮೊದಲು ಮಾಡೆಲ್ ಕೋಡ್, ನಡುವೆ ಒಂದು ಅಡ್ಡಗೆರೆ, ಆಮೇಲೆ ಕ್ರಮಸಂಖ್ಯೆ. ಅಷ್ಟೇ. ಕೌಂಟರಿನಲ್ಲಿ ಕೂತವರ ಕಂಪ್ಯೂಟರ್ 17 ಮನೆ ತುಂಬಿಸಿ ಅಂತ ಕೇಳಿದರೆ, ಅವರು ನಿಮ್ಮ ಮುಖ ನೋಡುತ್ತಾರೆ, ನೀವು ಅವರ ಮುಖ ನೋಡುತ್ತೀರಿ. ಮೊದಲೇ ಹೋಗಿ, ಜಪಾನಿನ ಗಾಡಿಯ ನಂಬರನ್ನು ಹೇಗೆ ಬರೆದುಕೊಳ್ಳುತ್ತೀರಿ, ಅಡ್ಡಗೆರೆ ಸೇರಿಸುತ್ತೀರಾ ಬಿಡುತ್ತೀರಾ ಅಂತ ಕೇಳಿಕೊಂಡು ಬನ್ನಿ. ಬಿಲ್ ಆಫ್ ಲೇಡಿಂಗ್, ಕಸ್ಟಮ್ಸ್ ಪತ್ರ ಎರಡರಲ್ಲೂ ಅದೇ ರೀತಿ ಬರೆಸಿ.

ನನಗೆ ಗೊತ್ತಿದ್ದ ಒಬ್ಬರ ವ್ಯಾನು ಬಂದರಿನಲ್ಲೇ ಕೊಳೆಯುತ್ತಾ ನಿಂತಿತ್ತು. ಹಡಗಿನ ಕಾಗದದಲ್ಲಿ ಇಂಗ್ಲಿಷಿನ 'ಬಿ' ಇರಬೇಕಾದ ಜಾಗದಲ್ಲಿ 8 ಬಿದ್ದಿತ್ತು. ಬೇರೇನೂ ತಪ್ಪಿಲ್ಲ. ತಿದ್ದುಪಡಿ ಬರುವವರೆಗೆ ದಿನಾ ಬಂದರಿನ ಬಾಡಿಗೆ ಏರುತ್ತಲೇ ಇತ್ತು. ಅದಕ್ಕೇ ಹೇಳುವುದು, ಕಾರು ಹತ್ತಿಸುವ ಮೊದಲು ಚಾಸಿ ಮೇಲೆ ಕೊರೆದ ನಂಬರಿನ ಫೋಟೋ ತರಿಸಿಕೊಳ್ಳಿ. ಚಾಸಿ ನಂಬರಿನ ಪ್ಲೇಟಿನ ಫೋಟೋ ಬೇರೆ, ಕೊರೆದದ್ದರ ಫೋಟೋ ಬೇರೆ. ಎರಡೂ ಬೇಕು. ಬಿಲ್ ಆಫ್ ಲೇಡಿಂಗ್ ಕರಡು ಬಂದಾಗ ಆ ಫೋಟೋ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಕ್ಷರ ಬೆರಳಿಟ್ಟು ಓದಿ.

ಇನ್ನು ತಾರೀಖು. ಗಾಡಿಗೆ ಮೂರು ವಯಸ್ಸು ಇರುತ್ತವೆ: ತಯಾರಾದ ತಿಂಗಳು, ಮೊದಲು ನೋಂದಣಿಯಾದ ದಿನ, ಕಂಪನಿ ಹೇಳುವ ಮಾಡೆಲ್ ವರ್ಷ. ಯಾವುದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ ತಯಾರಾಗಿ ಮೂರು ವರ್ಷ ದಾಟಿದ ಬಳಸಿದ ಗಾಡಿಗೆ ಸಾಮಾನ್ಯವಾಗಿ ಪ್ರವೇಶ ಇಲ್ಲ. ಅಮೆರಿಕದ ನಿಯಮ ಇದಕ್ಕೆ ಉಲ್ಟಾ. ಅಲ್ಲಿನ ಸುರಕ್ಷತಾ ಮಾನದಂಡಕ್ಕೆ ಹೊಂದದ ಗಾಡಿ ತಯಾರಾಗಿ 25 ವರ್ಷ ಆಗಿದ್ದರೆ ವಿನಾಯಿತಿ ಸಿಗುತ್ತದೆ. ಕೆನಡಾದಲ್ಲಿ ಅದೇ 15 ವರ್ಷ. ಕೆನ್ಯಾದವರು ಮೊದಲ ನೋಂದಣಿಯ ವರ್ಷ ನೋಡುತ್ತಾರೆ, ಎಂಟು ವರ್ಷಕ್ಕಿಂತ ಹಳೆಯದು ಬೇಡ ಅಂತಾರೆ.

ಜಪಾನಿನ ಸರ್ಟಿಫಿಕೇಟಿನಲ್ಲಿ ಇರುವುದು ಮೊದಲ ನೋಂದಣಿಯ ತಾರೀಖು. ತಯಾರಾದ ತಾರೀಖು ಕೇಳುವ ದೇಶ ನಿಮ್ಮದಾದರೆ ಅದೊಂದೇ ಸಾಲದು, ತಯಾರಕರಿಂದ ಬೇರೆ ದೃಢೀಕರಣ ತರಿಸಬೇಕು. ಇನ್ನೊಂದು ಗಮ್ಮತ್ತು ಏನೆಂದರೆ ಅಲ್ಲಿ ವರ್ಷವನ್ನು ಚಕ್ರವರ್ತಿಯ ಆಳ್ವಿಕೆಯ ಲೆಕ್ಕದಲ್ಲೂ ಬರೆಯುತ್ತಾರೆ. ಹೇಸೇ 30 ಅಂದರೆ 2018. ರೇವಾ 1 ಅಂದರೆ 2019. ಅನುವಾದ ಮಾಡಿದವರು ಸುಮ್ನೆ '30' ಅಂತ ಬರೆದು ಕೈತೊಳೆದುಕೊಂಡರೆ ಮುಗಿಯಿತು. ಹಾಗಾಗಿ ನೋಂದಣಿ ಕಚೇರಿ ಒಪ್ಪುವ ಅನುವಾದಕರ ಹತ್ತಿರವೇ ಮಾಡಿಸಿ. ಗೆಳೆಯರು ಮಾಡಿಕೊಟ್ಟ ಅನುವಾದ ಎಷ್ಟೇ ಚೆನ್ನಾಗಿದ್ದರೂ ಮುದ್ರೆ ಇಲ್ಲದಿದ್ದರೆ ನಡೆಯಲ್ಲ.

ಪ್ರಶ್ನೆ: ಬ್ರಿಟನ್ನಿನ ಕಾರು ಕೊಳ್ಳುತ್ತಿದ್ದೇನೆ. ಲಾಗ್‌ಬುಕ್ ಇದೆ, ಅದೇ ಮಾಲೀಕತ್ವದ ದಾಖಲೆ ಅಂತಾರೆ ಮಾರುವವರು. ಸಾಕಾ?

ಉತ್ತರ: ಸಾಲದು. ವಿ5ಸಿ ಅಂತ ಕರೆಯುವ ಆ ಲಾಗ್‌ಬುಕ್ ಹಾಳೆಯನ್ನೇ ಒಮ್ಮೆ ಓದಿ. ಇದು ಮಾಲೀಕತ್ವದ ಪುರಾವೆ ಅಲ್ಲ ಅಂತ ಅದರಲ್ಲೇ ಬರೆದಿರುತ್ತದೆ. ಅದರಲ್ಲಿ ಇರುವ ಹೆಸರು ಗಾಡಿ ಇಟ್ಟುಕೊಂಡವರದ್ದು, ಕೊಂಡವರದ್ದೇ ಆಗಬೇಕೆಂದಿಲ್ಲ. ಕಂಪನಿ ಕಾರು, ಸಾಲದ ಕಾರು ಎಲ್ಲಾ ಹೀಗೇ ಅಲ್ವಾ? ಮಾರಿದವರ ಸಹಿ, ಚಾಸಿ ನಂಬರ್, ಬೆಲೆ, ತಾರೀಖು ಇರುವ ಬಿಲ್ ಬೇರೆಯೇ ಬೇಕು. ಸಾಲ ಬಾಕಿ ಇಲ್ಲ ಅನ್ನುವುದನ್ನೂ ನೋಡಿಕೊಳ್ಳಿ.

ಅಮೆರಿಕದ್ದಾದರೆ ಮಾತು ಬೇರೆ. ಅಲ್ಲಿನ 'ಟೈಟಲ್' ಅನ್ನುವ ಪತ್ರ ನಿಜವಾಗಿಯೂ ಮಾಲೀಕತ್ವದ್ದೇ. ಹಡಗಿಗೆ ಹಾಕುವ 72 ಗಂಟೆ ಮೊದಲೇ ಅಲ್ಲಿನ ಕಸ್ಟಮ್ಸ್‌ಗೆ ಅದನ್ನು ಒಪ್ಪಿಸಬೇಕು. ಟೈಟಲ್ ಮೇಲೆ 'ಸಾಲ್ವೇಜ್' ಅಂತ ಇದ್ದರೆ ಅಪಘಾತದಲ್ಲೋ ನೆರೆಯಲ್ಲೋ ಕೆಟ್ಟು ವಿಮೆಯವರು ಕೈಬಿಟ್ಟ ಗಾಡಿ ಅದು. ಅಗ್ಗಕ್ಕೆ ಸಿಗುತ್ತದೆ ನಿಜ. ನಿಮ್ಮ ದೇಶದ ಕಚೇರಿ ಅದನ್ನು ಒಪ್ಪುತ್ತದಾ ಅಂತ ಲಿಖಿತವಾಗಿ ಉತ್ತರ ಬರುವ ತನಕ ನಾನಾದರೆ ಮುಂಗಡವನ್ನೂ ಕೊಡುವುದಿಲ್ಲ.

ಪ್ರಶ್ನೆ: ನನ್ನ ಕಾರಿಗೆ ಯುರೋಪಿನ ಸಿಒಸಿ ಪತ್ರ ಕಳೆದುಹೋಗಿದೆ. ನೋಂದಣಿ ಆಗಲ್ವಾ?

ಉತ್ತರ: ಆಗುತ್ತದೆ. ಸಿಒಸಿ ಅಂದರೆ ಗಾಡಿ ಯುರೋಪಿನ ಮಾನದಂಡಕ್ಕೆ ಹೊಂದುತ್ತದೆ ಅನ್ನುವ ಪತ್ರ, ಅದನ್ನು ಕೊಡುವುದು ತಯಾರಕರು. ಚಾಸಿ ನಂಬರ್ ಕೊಟ್ಟು, ಶುಲ್ಕ ಕಟ್ಟಿ ಅವರಿಂದ ನಕಲು ತರಿಸಬಹುದು. ಗಾಡಿ ಯುರೋಪಿನ ಮಾರುಕಟ್ಟೆಗೆಂದು ತಯಾರಾಗದೇ ಇದ್ದರೆ ಅದು ಸಿಗುವುದಿಲ್ಲ. ಆಗ ಒಂದೊಂದೇ ಗಾಡಿಯನ್ನು ಬಿಡಿಯಾಗಿ ಪರೀಕ್ಷಿಸಿ ಒಪ್ಪಿಗೆ ಕೊಡುವ ದಾರಿ ಹಿಡಿಯಬೇಕು. ಹೆಡ್‌ಲೈಟ್ ಯಾವ ಕಡೆಗೆ ಬೆಳಕು ಚೆಲ್ಲುತ್ತದೆ, ವೇಗ ಕಿಲೋಮೀಟರಿನಲ್ಲಿದೆಯಾ ಮೈಲಿಯಲ್ಲಿದೆಯಾ, ಹಿಂದಿನ ಮಂಜಿನ ದೀಪ ಇದೆಯಾ, ಇಂಥವುಗಳನ್ನೇ ಅಲ್ಲಿ ನೋಡುತ್ತಾರೆ. ಎಡಬದಿ ಸಂಚಾರದ ದೇಶಕ್ಕೆ ಮಾಡಿದ ಹೆಡ್‌ಲೈಟ್ ಬಲಬದಿ ಸಂಚಾರದ ರಸ್ತೆಯಲ್ಲಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಪರೀಕ್ಷೆಗೆ ಹೋಗುವ ಮೊದಲೇ ಅದನ್ನು ಬದಲಿಸಿ, ಬದಲಿಸಿದ ಬಿಲ್ಲನ್ನು ಫೈಲಿಗೆ ಸೇರಿಸಿ.