ಮನೆಯಲ್ಲಿ ಮಿಲಿಟರಿಯವರಿದ್ದಾಗ ಯುದ್ಧ ಬೇಡವೆನ್ನುವ ಕಾದಂಬರಿಯನ್ನು ಮೆಚ್ಚಿ ಬರೆಯಬಹುದಾ?

ನಿಮ್ಮ ಕಷ್ಟ ಅರ್ಥವಾಯಿತು. ಬೆಳಗಾವಿಯಲ್ಲಿ ಡಿಗ್ರಿ ಓದುತ್ತಿದ್ದೀರಿ. ಮೊದಲ ಮಹಾಯುದ್ಧಕ್ಕೆ ಹೋದ ಜರ್ಮನ್ ಹುಡುಗರ ಕಥೆ ಹೇಳುವ ಕಾದಂಬರಿ, ಎರಿಕ್ ಮರಿಯಾ ರೆಮಾರ್ಕ್‌ನ ‘ಆಲ್ ಕ್ವೈಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ಓದಿ ಪ್ರತಿಕ್ರಿಯೆ ಬರೆದು ಕೊಡಬೇಕು. ಪುಸ್ತಕ ಇಷ್ಟವಾಗಿದೆ, ಆದರೆ ಮನೆಯಲ್ಲಿ ಅಣ್ಣ ಮಿಲಿಟರಿಯಲ್ಲಿದ್ದಾರೆ. ಮೆಚ್ಚಿ ಬರೆದರೆ ಅಣ್ಣನಿಗೆ ಅವಮಾನ ಮಾಡಿದ ಹಾಗಾಗುತ್ತದಾ ಅಂತ ಕೇಳಿದ್ದೀರಿ.

ಖಂಡಿತ ಆಗೋದಿಲ್ಲ. ನಾನೂ ಇದೇ ಊರಿನಲ್ಲಿ ಬಿ.ಎ. ಓದುತ್ತಿದ್ದೇನೆ, ನಮ್ಮ ಕಾಕಾ ಮಿಲಿಟರಿಯಿಂದ ರಿಟೈರ್ ಆದವರು. ಅವರ ಮನೆಯಲ್ಲೇ ಕೂತು ಈ ಪುಸ್ತಕ ಓದಿದೆ. ಓದಿದ ಮೇಲೆ ಕಾಕಾನ ಮೇಲಿನ ಗೌರವ ಜಾಸ್ತಿಯೇ ಆಯಿತು.

ಈ ಪುಸ್ತಕಕ್ಕೆ ಸಿಟ್ಟು ಯಾರ ಮೇಲಿದೆ ಅಂತ ಮೊದಲು ನೋಡಿ. ಸೈನಿಕರ ಮೇಲಂತೂ ಅಲ್ಲ. ಕಾಂಟೊರೆಕ್ ಎಂಬ ಮೇಷ್ಟ್ರು ಇದ್ದಾರಲ್ಲ, ಭಾಷಣ ಮಾಡಿ ಮಾಡಿ ಇಡೀ ಕ್ಲಾಸನ್ನೇ ಭರ್ತಿಗೆ ಕರೆದುಕೊಂಡು ಹೋದವರು? ಸಿಟ್ಟು ಅವರ ಮೇಲೆ. ಬೆಹ್ಮ್ ಎಂಬ ದಪ್ಪ ಹುಡುಗನಿಗೆ ಹೋಗಲು ಮನಸ್ಸೇ ಇರಲಿಲ್ಲ. ಎಲ್ಲರೂ ಹೇಡಿ ಅಂದಾರು ಅಂತ ಹೊರಟ. ಆ ಕ್ಲಾಸಿನಲ್ಲಿ ಮೊದಲು ಸತ್ತವರಲ್ಲಿ ಅವನೂ ಒಬ್ಬ. ನಾವೂ ಬೆಂಚಿನ ಮೇಲೆ ಕೂತು ಮೇಷ್ಟ್ರ ಮಾತು ಕೇಳುವವರೇ. ಹಾಗಾಗಿ ನನಗೆ ತೋಪಿನ ಸದ್ದಿಗಿಂತ ಆ ಕ್ಲಾಸ್‌ರೂಮೇ ಜಾಸ್ತಿ ಕಾಡಿತು. ಹತ್ತೊಂಬತ್ತರ ಹುಡುಗರು ನಂಬಿದ್ದು ಪುಸ್ತಕ ಓದಿದ ದೊಡ್ಡವರನ್ನು. ಆ ದೊಡ್ಡವರು ಊರಲ್ಲೇ ಉಳಿದರು.

ಸೈನಿಕರ ಬಗ್ಗೆ ರೆಮಾರ್ಕ್‌ಗೆ ಎಷ್ಟು ಪ್ರೀತಿ ಅಂತ ತಿಳಿಯಬೇಕಾದರೆ ಕಾಟ್ ಎಂಬ ಸೈನಿಕನನ್ನು ನೋಡಿ. ನಲವತ್ತರ ಆಸುಪಾಸಿನವನು, ಊರಲ್ಲಿ ಚಪ್ಪಲಿ ಹೊಲಿಯುವ ಕೆಲಸ. ಏನೂ ಸಿಗದ ಜಾಗದಲ್ಲೂ ಬ್ರೆಡ್ಡು, ಮಾಂಸ ಹುಡುಕಿ ತಂದು ಹುಡುಗರ ಹೊಟ್ಟೆ ತುಂಬಿಸುತ್ತಾನೆ. ಕೊನೆಗೆ ಅವನ ಕಾಲಿಗೆ ಪೆಟ್ಟು ಬೀಳುತ್ತದೆ. ಆ ಕ್ಲಾಸಿನ ಹುಡುಗರಲ್ಲೊಬ್ಬ, ಕಥೆ ಹೇಳುವ ಪೌಲ್, ಅವನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆ ಡೇರೆಯವರೆಗೆ ನಡೆಯುತ್ತಾನೆ. ಇಳಿಸಿದರೆ ಕಾಟ್ ಸತ್ತಿದ್ದಾನೆ. ದಾರಿಯಲ್ಲಿ ಒಂದು ಸಣ್ಣ ಚೂರು ತಲೆಗೆ ಹೊಕ್ಕಿದ್ದು ಹೊತ್ತವನಿಗೆ ಗೊತ್ತೇ ಆಗಿಲ್ಲ. ಸೈನಿಕರನ್ನು ಹೀಯಾಳಿಸಬೇಕು ಎನ್ನುವವನು ಹೀಗೆ ಬರೀತಾನಾ?

ರೆಮಾರ್ಕ್ ಸುಮ್ನೆ ಮನೆಯಲ್ಲಿ ಕೂತು ಬರೆದವನಲ್ಲ ಅನ್ನೋದನ್ನೂ ಹಾಕಿ. ಹುಟ್ಟಿದ್ದು 1898ರಲ್ಲಿ. 1916ರಲ್ಲಿ ಸೈನ್ಯಕ್ಕೆ ಕರೆ ಬಂತು. 1917ರಲ್ಲಿ ಫ್ರಂಟ್‌ಗೆ ಹೋಗಿ ಶೆಲ್ಲಿನ ಚೂರು ತಗುಲಿ ಗಾಯಗೊಂಡ. ಪುಸ್ತಕ ಬಂದದ್ದು 1929ರಲ್ಲಿ. 1933ರಲ್ಲಿ ನಾಜಿಗಳು ಅದನ್ನು ಬೀದಿಯಲ್ಲಿ ಸುಟ್ಟರು. ಸೈನಿಕರಿಗೆ ಅವಮಾನ ಆಯಿತು ಅಂತ ಆಗ ಕೂಗಿದವರೂ ಅವರೇ.

ಇನ್ನು ನಮ್ಮ ಊರಿನ ಮಾತು. ಮರಾಠಾ ಲೈಟ್ ಇನ್‌ಫಂಟ್ರಿಯ ರೆಜಿಮೆಂಟಲ್ ಸೆಂಟರ್ ಇರೋದು ಇಲ್ಲೇ ಬೆಳಗಾವಿಯಲ್ಲಿ ಅಲ್ವಾ? ಅದೇ ಮೊದಲ ಮಹಾಯುದ್ಧದಲ್ಲಿ ಆಗಿನ ಮರಾಠಾ ಪಲ್ಟನ್ನುಗಳು ಮೆಸಪೊಟೇಮಿಯಾಕ್ಕೆ, ಅಂದರೆ ಈಗಿನ ಇರಾಕಿಗೆ ಹೋಗಿದ್ದವು. 103, 110 ಮತ್ತು 117ನೇ ಪಲ್ಟನ್ನುಗಳು ಕುಟ್ ಎಂಬ ಊರಿನಲ್ಲಿ ತುರ್ಕರ ಮುತ್ತಿಗೆಯಲ್ಲಿ ಸಿಕ್ಕಿಬಿದ್ದವು. 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ಹಸಿವು, ರೋಗ. ತಿನ್ನಲು ಕುದುರೆ ಮಾಂಸ. ಆಮೇಲೆ ಶರಣಾಗತಿ. ಸೆರೆ ಸಿಕ್ಕವರಲ್ಲಿ ಎಷ್ಟೋ ಜನ ವಾಪಸ್ ಬರಲೇ ಇಲ್ಲ. ಇಡೀ ಯುದ್ಧದಲ್ಲಿ ಸತ್ತ ಭಾರತೀಯ ಸೈನಿಕರು 70,000ಕ್ಕೂ ಹೆಚ್ಚು. ಪೌಲ್‌ಗಾದರೂ ಅವನ ಮಾತು ಬರೆಯಲು ಒಬ್ಬ ರೆಮಾರ್ಕ್ ಇದ್ದ. ನಮ್ಮ ಕಡೆಯಿಂದ ಹೋದವರಲ್ಲಿ ಎಷ್ಟೋ ಮಂದಿಗೆ ಓದುಬರಹ ಬರುತ್ತಿರಲಿಲ್ಲ. ಅವರ ಅವ್ವಂದಿರಿಗೆ ಏನು ಸುದ್ದಿ ಬಂತೋ, ಯಾರು ಓದಿ ಹೇಳಿದರೋ. ಪ್ರತಿಕ್ರಿಯೆ ಅಂದರೆ ಬರೀ ಕಥೆಯ ಸಾರಾಂಶ ಆಗಬಾರದು ಅಂತ ಮೇಷ್ಟ್ರು ಹೇಳುತ್ತಾರಲ್ಲ, ನೀವು ಬರೆಯಬಹುದಾದ ಸ್ವಂತ ಮಾತು ಇಲ್ಲಿದೆ ಅಂತ ನನಗನಿಸುತ್ತದೆ.

ಒಂಬತ್ತನೇ ಅಧ್ಯಾಯದ ಬಗ್ಗೆ ಎಲ್ಲರೂ ಬರೆಯುತ್ತಾರೆ. ಪೌಲ್ ಒಬ್ಬ ಫ್ರೆಂಚ್ ಸೈನಿಕನನ್ನು ಇರಿದು, ಅವನು ಸಾಯುವವರೆಗೂ ಅದೇ ಗುಂಡಿಯಲ್ಲಿ ಕೂರುವ ಭಾಗ. ಒಳ್ಳೆಯದೇ. ಆದರೆ ನಿಮಗೆ ಏಳನೇ ಅಧ್ಯಾಯ ಹೆಚ್ಚು ಒದಗುತ್ತದೆ, ಯಾಕೆಂದರೆ ನಿಮ್ಮ ಮನೆಗೂ ಅಣ್ಣ ರಜೆಗೆ ಬರುತ್ತಾರೆ. ಪೌಲ್ ರಜೆಗೆ ಬಂದಾಗ ಅಪ್ಪನಿಗೆ ಮಗ ಯೂನಿಫಾರ್ಮ್ ಹಾಕಿಕೊಂಡು ಊರೆಲ್ಲ ಓಡಾಡಲಿ ಅಂತ ಆಸೆ. ಹಿರಿಯರು ಅವನನ್ನು ಕೂರಿಸಿಕೊಂಡು ಯುದ್ಧ ಹೇಗೆ ಗೆಲ್ಲಬೇಕು ಅಂತ ಅವನಿಗೇ ಪಾಠ ಹೇಳುತ್ತಾರೆ. ಅವನಿಗೆ ಒಂದು ಮಾತೂ ಹೊರಡುವುದಿಲ್ಲ. ಸತ್ತ ಗೆಳೆಯ ಕೆಮ್ಮೆರಿಕ್‌ನ ತಾಯಿ ಮಾತ್ರ ನಿಜ ಹೇಳು ಅಂತ ಹಟ ಹಿಡಿಯುತ್ತಾಳೆ. ನೋವಿಲ್ಲದೆ ತಕ್ಷಣ ಹೋದ ಅಂತ ಪೌಲ್ ಆಣೆ ಮಾಡಿ ಸುಳ್ಳು ಹೇಳುತ್ತಾನೆ. ಕಾಲು ಕತ್ತರಿಸಿ, ಹಾಸಿಗೆಯ ಮೇಲೆ ಅಳುತ್ತಾ ಸತ್ತವನು ಅವನು.

ನಮ್ಮ ಕಾಕಾ ರಜೆಗೆ ಬಂದಾಗ ನಾವೆಲ್ಲ ಸುತ್ತ ಕೂತು ಬರೀ ಬಂದೂಕಿನ ಕಥೆ ಕೇಳುತ್ತಿದ್ದೆವು. ಅವರು ಚಳಿ ಹೇಗಿತ್ತು, ಊಟ ಏನಿತ್ತು ಅಂತಷ್ಟೇ ಹೇಳಿ ಎದ್ದು ಹೋಗುತ್ತಿದ್ದರು. ಯಾಕೆ ಅಂತ ಈ ಅಧ್ಯಾಯ ಓದಿದಾಗ ಸ್ವಲ್ಪ ತಿಳಿಯಿತು.

ಬರೆದ ಮೇಲೆ ಅಣ್ಣನಿಗೇ ಓದಲು ಕೊಡಿ. ಅವರು ಒಪ್ಪದ ಕಡೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕಲಿ. ಯಾಕೆ ಒಪ್ಪಲಿಲ್ಲ ಅಂತ ಕೇಳಿ, ಅವರು ಬೇಡ ಅನ್ನದಿದ್ದರೆ ಅದನ್ನೂ ಸೇರಿಸಿಯೇ ಕೊಡಿ.