ಬೇಸಿಗೆ ಪಾನೀಯ: ನೀವು ಕೇಳಿದಿರಿ, ನಾವು ಹೇಳಿದೆವು

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಕುಡಿಯುವುದರ ಬಗ್ಗೆಯೇ. ಬಿಸಿಲು ಹಾಗಿದೆ ಬಿಡಿ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಕಾಮಕಸ್ತೂರಿ ಬೀಜ, ಚಿಯಾ ಬೀಜ ಎರಡೂ ಒಂದೇನಾ? ಅಂಗಡಿಯವರು ಒಂದು ಕೇಳಿದರೆ ಇನ್ನೊಂದು ಕೊಡುತ್ತಾರೆ.

ಒಂದೇ ಅಲ್ಲ. ಕಾಮಕಸ್ತೂರಿ ನಮ್ಮ ತುಳಸಿಯ ಹತ್ತಿರದ ನೆಂಟ, ಹಿಂದಿಯವರು ಸಬ್ಜಾ ಅನ್ನುವುದು ಇದಕ್ಕೇ. ಚಿಯಾ ಮೂಲತಃ ಮೆಕ್ಸಿಕೋ ಕಡೆಯದು. ಅಂಗೈ ಮೇಲೆ ಹಾಕಿಕೊಂಡು ನೋಡಿ: ಕಾಮಕಸ್ತೂರಿ ಅಚ್ಚ ಕಪ್ಪು, ಚಿಯಾ ಬೂದು ಬಣ್ಣ, ಮೇಲೆ ಚುಕ್ಕೆ ಚುಕ್ಕೆ, ನಡುನಡುವೆ ಬಿಳಿ ಕಾಳೂ ಇರುತ್ತವೆ. ಅನುಮಾನ ಇನ್ನೂ ಉಳಿದರೆ ಒಂದು ಚಿಟಿಕೆ ನೀರಿಗೆ ಹಾಕಿ. ಕಾಮಕಸ್ತೂರಿ ಕೆಲವೇ ನಿಮಿಷಕ್ಕೆ ಊದಿಕೊಂಡು, ನಡುವೆ ಕಪ್ಪು ಚುಕ್ಕೆ, ಸುತ್ತ ಮಬ್ಬು ಬಿಳಿಯ ಲೋಳೆಯಾಗಿ ತೇಲುತ್ತದೆ. ಚಿಯಾಗೆ ಅರ್ಧ ಗಂಟೆಯಾದರೂ ಬೇಕು.

ಒಂದು ಲೋಟ ನೀರಿಗೆ ಒಂದು ಟೀ ಚಮಚ ಸಾಕು, ಹದಿನೈದು ನಿಮಿಷ ನೆನೆಸಿ. ಸಾದಾ ನೀರಲ್ಲೇ ನೆನೆಸಿ, ಆಮೇಲೆ ಶರಬತ್ತಿಗೆ ಸೇರಿಸಿ. ನೇರವಾಗಿ ದಪ್ಪ ಸಕ್ಕರೆ ಪಾಕಕ್ಕೆ ಸುರಿದರೆ ಅಲ್ಲಿ ಬೀಜಕ್ಕೆ ನೀರು ಸಿಗುವುದೇ ಕಡಿಮೆ, ಅರ್ಧಂಬರ್ಧ ಊದಿ ಹಲ್ಲಿಗೆ ಕಟಕಟ ಅನ್ನುತ್ತದೆ. ಒಣ ಬೀಜ ಬಾಯಿಗೆ ಹಾಕಿಕೊಂಡು ನೀರು ಕುಡಿಯುವ ಸಾಹಸ ಮಾತ್ರ ಬೇಡ, ಗಂಟಲಲ್ಲೇ ಊದಿ ಸಿಕ್ಕಿಹಾಕಿಕೊಳ್ಳುವ ಅಪಾಯ ನಿಜವಾಗಿಯೂ ಇದೆ. ತೀರಾ ಚಿಕ್ಕ ಮಕ್ಕಳಿಗಂತೂ ನೆನೆದದ್ದನ್ನೂ ಕೊಡಬೇಡಿ.

ಪ್ರಶ್ನೆ: ನೆನೆಸಿದ ಕಾಮಕಸ್ತೂರಿ ಫ್ರಿಜ್‌ನಲ್ಲಿ ಎಷ್ಟು ದಿನ ಇಡಬಹುದು?

ಒಂದೆರಡು ದಿನ. ಹುಳಿ ವಾಸನೆ ಬಂದರೆ ಚೆಲ್ಲಿ. ಅಂದಂದಿಗೆ ನೆನೆಸಿಕೊಳ್ಳಲು ಹದಿನೈದೇ ನಿಮಿಷ ತಾನೇ, ಕೂಡಿಡುವುದು ಯಾಕೆ?

ಪ್ರಶ್ನೆ: ಸೋಂಪಿನ ಶರಬತ್ತು ಮಾಡಿದಾಗಲೆಲ್ಲ ಕಷಾಯದ ಹಾಗೆ ಆಗುತ್ತದೆ. ಕಹಿ, ಒಗರು. ಎಲ್ಲಿ ತಪ್ಪುತ್ತಿದ್ದೇನೆ?

ಸೋಂಪನ್ನು ಕುದಿಸುತ್ತಿದ್ದೀರಿ ಅನ್ನಿಸುತ್ತೆ. ಸೋಂಪಿನ ಆ ಸಿಹಿ ಘಮ ಇರುವುದು ಅದರ ಎಣ್ಣೆಯಲ್ಲಿ. ಕುದಿಸಿದರೆ ಅದು ಆವಿಯ ಜೊತೆ ಹಾರಿಹೋಗಿ ಅಡುಗೆಮನೆ ತುಂಬಾ ಘಮಘಮ, ಲೋಟದಲ್ಲಿ ಬರೀ ಒಗರು.

ಹೀಗೆ ಮಾಡಿ ನೋಡಿ. ನಾಲ್ಕು ದೊಡ್ಡ ಚಮಚ ಸೋಂಪನ್ನು ಆರಿಸಿ ತೊಳೆದು ಎರಡು ಲೋಟ ನೀರಲ್ಲಿ ರಾತ್ರಿ ನೆನೆಸಿಡಿ. ಬೆಳಿಗ್ಗೆ ಕಾಳು ಮೆತ್ತಗಾಗಿ ದಪ್ಪಗಾಗಿರುತ್ತದೆ, ಉಗುರಲ್ಲಿ ಒತ್ತಿದರೆ ಸೀಳುತ್ತದೆ. ಅದೇ ನೀರು ಹಾಕಿ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ. ಗಟ್ಟಿಯಾಗಿ ಹಿಂಡಬೇಡಿ, ಕೊನೆಯಲ್ಲಿ ಬರುವ ಗಸಿಯಲ್ಲೇ ಒಗರು ಜಾಸ್ತಿ. ಈ ನೀರಿಗೆ ಒಂದೂವರೆ ಲೋಟ ಪುಡಿ ಮಾಡಿದ ಕಲ್ಲುಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಕರಗುವವರೆಗೆ ಮಾತ್ರ ಬಿಸಿ ಮಾಡಿ, ಗುಳ್ಳೆ ಏಳುವ ಮೊದಲೇ ಇಳಿಸಿ. ಪೂರ್ತಿ ಆರಿದ ಮೇಲೆ ಎರಡು ನಿಂಬೆಹಣ್ಣಿನ ರಸ, ನಾಲ್ಕು ಏಲಕ್ಕಿಯ ಪುಡಿ. ಕುಡಿಯುವಾಗ ಒಂದು ಲೋಟ ತಣ್ಣೀರಿಗೆ ಮೂರು ನಾಲ್ಕು ಚಮಚ ಬೆರೆಸಿ, ಚಿಟಿಕೆ ಉಪ್ಪು ಹಾಕಿ. ಆ ಉಪ್ಪನ್ನು ಬಿಟ್ಟರೆ ರುಚಿ ಸಪ್ಪೆ.

ಬಣ್ಣ ಮಾಸಲು ಕಂದು ಹಸಿರು ಬರುತ್ತದೆ, ಗಾಬರಿ ಬೇಡ. ಬಾಟಲಿಯಲ್ಲಿ ಸಿಗುವ ಗಿಳಿಹಸಿರು ಸೋಂಪಿನದ್ದಲ್ಲ, ಬಣ್ಣದ್ದು. ಫ್ರಿಜ್‌ನಲ್ಲಿ ವಾರ ಇಡಬಹುದು, ಅದಕ್ಕಿಂತ ಜಾಸ್ತಿ ಬೇಡ. ಕೊಂಡು ತರುವ ಸಿರಪ್‌ಗಳು ತಿಂಗಳುಗಟ್ಟಲೆ ಕೆಡದೆ ಇರುವುದು ಅವುಗಳಲ್ಲಿ ನೂರಕ್ಕೆ 65ರ ಆಸುಪಾಸು ಸಕ್ಕರೆ ಇರುವುದರಿಂದ. ಅಷ್ಟು ಸಿಹಿ ಮನೆಯಲ್ಲಿ ಯಾರಿಗೆ ಬೇಕು?

ಪ್ರಶ್ನೆ: ಪಾನಕಕ್ಕೆ ಕಾಳುಮೆಣಸು, ಶುಂಠಿ ಹಾಕುತ್ತಾರಲ್ಲ, ಎರಡೂ ಉಷ್ಣ. ಮತ್ತೆ ಅದು ತಂಪು ಹೇಗೆ? ಫ್ರಿಜ್ ನೀರು ಕುಡಿದರೆ ಸಾಕಲ್ವಾ?

ಒಳ್ಳೆ ಪ್ರಶ್ನೆ. ಸ್ವಲ್ಪ ಲೆಕ್ಕ ಹಾಕೋಣ. ಫ್ರಿಜ್‌ನಿಂದ ತೆಗೆದ 200 ಮಿಲಿ ತಣ್ಣೀರು ಹೊಟ್ಟೆಯಲ್ಲಿ ಮೈಯಷ್ಟೇ ಬಿಸಿಯಾಗಲು ಸುಮಾರು 7 ಕಿಲೋಕ್ಯಾಲರಿ ಶಾಖ ಎಳೆದುಕೊಳ್ಳುತ್ತದೆ. ಅದೇ 200 ಮಿಲಿ ಬೆವರಾಗಿ ಚರ್ಮದ ಮೇಲೆ ಪೂರ್ತಿ ಆರಿದರೆ ಸುಮಾರು 115 ಕಿಲೋಕ್ಯಾಲರಿ. ಎಲ್ಲಿಯ 7, ಎಲ್ಲಿಯ 115! ಅಂದರೆ ಮೈ ತಂಪಾಗಿಸುವುದು ಲೋಟದ ಚಳಿಯಲ್ಲ, ಒಳಗೆ ಹೋದ ನೀರು ಬೆವರಾಗಿ ಆರುವುದು. ಹಾಗಾಗಿ ನೀರು ಹೊಟ್ಟೆಗೆ ಹೋಗಬೇಕು, ಅದೂ ಧಾರಾಳವಾಗಿ. ಸಾದಾ ನೀರನ್ನು ಎಷ್ಟು ಅಂತ ಕುಡಿಯುತ್ತೀರಿ? ಅಲ್ಲಿಗೆ ಬರುತ್ತವೆ ಬೆಲ್ಲ, ನಿಂಬೆ, ಏಲಕ್ಕಿ, ಮೆಣಸು. ನಾಲಿಗೆಗೆ ಹಿಡಿಸಿದ ಮೇಲೆ ಇನ್ನೊಂದು ಲೋಟ ಕೇಳದೆ ಇರುತ್ತೀರಾ?

ಮೆಣಸಿನ ಖಾರ ಬಿಸಿಯನ್ನು ಗುರುತಿಸುವ ನರಗಳನ್ನೇ ಕೆಣಕುತ್ತದೆ, ಹಣೆಯಲ್ಲಿ ತೆಳ್ಳಗೆ ಬೆವರು ಮೂಡುತ್ತದೆ, ಗಾಳಿ ಬೀಸಿದರೆ ಹಾಯ್ ಅನ್ನಿಸುತ್ತದೆ. ಪುದೀನ ಇದರ ಉಲ್ಟಾ: ಅದರ ಮೆಂಥಾಲ್ ತಣ್ಣನೆಯದನ್ನು ಗುರುತಿಸುವ ನರಗಳನ್ನು ತಟ್ಟುತ್ತದೆ. ಥರ್ಮಾಮೀಟರ್ ಇಟ್ಟು ನೋಡಿದರೆ ಬಾಯಿ ತಣ್ಣಗಾಗಿರುವುದಿಲ್ಲ, ಆದರೂ ತಣ್ಣಗೆ ಅನ್ನಿಸುತ್ತದೆ. ತಂಪು, ಉಷ್ಣ ಅಂತ ನಮ್ಮ ಅಜ್ಜಿಯರು ಹೇಳುವುದನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಚಮಚದಷ್ಟು ಬೀಜ ಹಾಕಿದ ಕೂಡಲೇ ಬಿಸಿಲು ತಟ್ಟುವುದಿಲ್ಲ ಅಂದುಕೊಳ್ಳಬೇಡಿ, ಕೆಲಸ ಮಾಡುವುದು ನೀರು.

ಅಳತೆ ಬೇಕಾದವರಿಗೆ: ಒಂದು ಲೀಟರ್ ನೀರಿಗೆ ಮುಕ್ಕಾಲು ಲೋಟ ಪುಡಿ ಬೆಲ್ಲ, ಎರಡು ನಿಂಬೆಹಣ್ಣು, ಅರ್ಧ ಟೀ ಚಮಚ ಒಣಶುಂಠಿ ಪುಡಿ, ಕಾಲು ಟೀ ಚಮಚ ಮೆಣಸಿನ ಪುಡಿ (ಕಾಳುಮೆಣಸು ಮಾರಾಯ್ರೆ, ಕೆಂಪು ಖಾರದಪುಡಿ ಅಲ್ಲ), ನಾಲ್ಕು ಏಲಕ್ಕಿ, ಚಿಟಿಕೆ ಉಪ್ಪು. ಬೆಲ್ಲ ಕರಗಿಸಿದ ಮೇಲೆ ಸೋಸುವುದು ಮರೆಯಬೇಡಿ, ತಳದಲ್ಲಿ ಮಣ್ಣು ನಿಂತಿರುತ್ತದೆ.

ಪ್ರಶ್ನೆ: ಎಳ್ಳು ಉಷ್ಣ ಅಂತಾರೆ. ಆದರೆ ಕರಾವಳಿ, ಮಲೆನಾಡಿನ ಕಡೆ ಬೇಸಿಗೆಯಲ್ಲೇ ಎಳ್ಳಿನ ಪಾನಕ ಕುಡಿಯುತ್ತಾರಲ್ಲ?

ಕುಡಿಯುತ್ತಾರೆ, ಅದೂ ತಂಪು ಅಂತಲೇ ಕುಡಿಯುತ್ತಾರೆ. ಅಭಿಪ್ರಾಯ ಊರಿಂದ ಊರಿಗೆ ಬದಲಾಗುತ್ತದೆ, ಅದರ ಜಗಳ ನಮಗೆ ಬೇಡ. ಬಿಳಿ ಎಳ್ಳು ಎರಡು ಚಮಚ ಒಂದು ಗಂಟೆ ನೆನೆಸಿ, ಬೆಲ್ಲ, ಏಲಕ್ಕಿ ಹಾಕಿ ರುಬ್ಬಿ, ಸೋಸಿ, ತಣ್ಣಗಿನ ನೀರು ಅಥವಾ ಕಾಯಿಸಿ ಆರಿಸಿದ ಹಾಲು ಬೆರೆಸಿ. ನೊರೆಯ ಮೇಲೆ ಸಣ್ಣಗೆ ಎಣ್ಣೆಯ ಹೊಳಪು ಕಂಡರೆ ಚೆನ್ನಾಗಿ ರುಬ್ಬಿದ್ದೀರಿ ಅಂತ. ಹೊಟ್ಟೆ ತುಂಬುತ್ತದೆ, ಹಾಗಾಗಿ ಊಟದ ಜೊತೆ ಬೇಡ, ಸಂಜೆ ನಾಲ್ಕರ ಹೊತ್ತಿಗೆ ಕುಡಿಯಿರಿ. ಎಳ್ಳು ಕೆಲವರಿಗೆ ಅಲರ್ಜಿ, ಮನೆಗೆ ಬಂದವರಿಗೆ ಕೊಡುವ ಮುಂಚೆ ಕೇಳಿಬಿಡಿ.

ಪ್ರಶ್ನೆ: ಗಸಗಸೆ, ಬಾದಾಮಿ, ಕರಬೂಜದ ಬೀಜ ಹಾಕಿದ ಹಾಲು ಎಷ್ಟು ರುಬ್ಬಿದರೂ ತರಿತರಿಯಾಗಿರುತ್ತದೆ. ಏನು ಮಾಡಲಿ?

ಎಲ್ಲವನ್ನೂ ಒಟ್ಟಿಗೆ ಮಿಕ್ಸಿಗೆ ಹಾಕಬೇಡಿ. ಗಸಗಸೆ ಎಷ್ಟು ಸಣ್ಣದು ಅಂದರೆ ಬ್ಲೇಡಿಗೆ ಸಿಗದೆ ನೀರಲ್ಲಿ ಸುಮ್ನೆ ಸುತ್ತುತ್ತಿರುತ್ತದೆ. ಅದನ್ನು ಬಿಸಿ ನೀರಲ್ಲಿ ಎರಡು ಗಂಟೆಯಾದರೂ ನೆನೆಸಿ, ನೀರು ಬಸಿದು, ಚಿಕ್ಕ ಜಾರಿನಲ್ಲಿ ಮೊದಲು ಅದೊಂದನ್ನೇ ರುಬ್ಬಿ. ಬೆರಳಲ್ಲಿ ಉಜ್ಜಿದರೆ ಮರಳು ತಗಲಬಾರದು, ಬೆಣ್ಣೆ ತಗಲಿದ ಹಾಗಿರಬೇಕು. ಆಮೇಲೆ ಸಿಪ್ಪೆ ತೆಗೆದ ಬಾದಾಮಿ, ಕರಬೂಜದ ಬೀಜ, ಒಂದು ಚಮಚ ಸೋಂಪು, ನಾಲ್ಕೈದು ಕಾಳುಮೆಣಸು. ಹಾಲು ಕೊನೆಗೆ, ಚೂರುಚೂರೇ.

ಇನ್ನೊಂದು ಮಾತು. ದುಬೈ, ಅಬುಧಾಬಿಯಲ್ಲಿರುವ ಮಕ್ಕಳಿಗೆ ಅಂತ ಗಸಗಸೆ ಅಥವಾ ಅದು ಬೆರೆತ ಪುಡಿಯನ್ನು ಸೂಟ್‌ಕೇಸಿನಲ್ಲಿ ಇಡಬೇಡಿ. ಅಲ್ಲಿ ಅದಕ್ಕೆ ನಿಷೇಧ ಇದೆ, ತಮಾಷೆಯ ವಿಷಯ ಅಲ್ಲ.

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ. ಬೆಲ್ಲ ಹಾಕಿದರೆ ಪರವಾಗಿಲ್ವಾ?

ಬೇಡ! ಬೆಲ್ಲವೂ ಸಕ್ಕರೆಯೇ, ರಕ್ತದಲ್ಲಿ ಹಾಗೇ ಏರುತ್ತದೆ. ನಿಮಗೆ ನೀರು ಮಜ್ಜಿಗೆ ಇದೆ, ಸಿಹಿ ಹಾಕದ ನಿಂಬೆ ನೀರಿದೆ, ರಾತ್ರಿ ಒಂದು ಚಮಚ ಕೊತ್ತಂಬರಿ ಬೀಜ ಜಜ್ಜಿ ನೆನೆಸಿ ಬೆಳಿಗ್ಗೆ ಸೋಸಿದ ನೀರಿದೆ. ಇವನ್ನು ಕುಡಿಯುತ್ತೇನೆ ಅಂತ ಮಾತ್ರೆ ನಿಲ್ಲಿಸಬೇಡಿ ಅಷ್ಟೆ.

ಪ್ರಶ್ನೆ: ಮಡಕೆಗೆ ಲಾವಂಚ ಹಾಕಿದ್ದೇನೆ. ನೀರು ಘಮ ಅನ್ನುತ್ತದೆ, ಆದರೆ ತಣ್ಣಗಾಗುತ್ತಿಲ್ಲ.

ತಣ್ಣಗೆ ಮಾಡುವುದು ಮಡಕೆ, ಲಾವಂಚ ಅಲ್ಲ. ಮಡಕೆಯ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಹೊರಮೈಯಲ್ಲಿ ಆರುತ್ತಾ ಒಳಗಿನ ಶಾಖವನ್ನು ಒಯ್ಯುತ್ತದೆ. ಅಂದರೆ ಮೇಲೆ ಹೇಳಿದ ಬೆವರಿನ ಕೆಲಸವನ್ನೇ ಮಡಕೆಯೂ ಮಾಡುತ್ತದೆ. ಪೇಂಟ್ ಬಳಿದ ಮಡಕೆಯಾದರೆ ರಂಧ್ರ ಮುಚ್ಚಿಹೋಗಿರುತ್ತದೆ. ಮೂಲೆಯಲ್ಲಿ ಇಟ್ಟಿದ್ದರೆ ಗಾಳಿಯಾಡುವ ಕಿಟಕಿ ಹತ್ತಿರ, ನೆರಳಿನಲ್ಲಿ ಇಡಿ. ನೀವು ಕರಾವಳಿಯವರಾದರೆ ಗಾಳಿಯಲ್ಲೇ ನೀರಿನಂಶ ಜಾಸ್ತಿ, ಒಣ ಹವೆಯ ಕಲಬುರಗಿ, ರಾಯಚೂರಿನಷ್ಟು ತಣ್ಣಗೆ ಅಲ್ಲಿ ಆಗುವುದೇ ಇಲ್ಲ. ಲಾವಂಚವನ್ನು ಚೆನ್ನಾಗಿ ತೊಳೆದು ಮಣ್ಣು ಬಿಡಿಸಿ ಬಟ್ಟೆಯಲ್ಲಿ ಕಟ್ಟಿ ಹಾಕಿ, ಆಗಾಗ ತೆಗೆದು ಬಿಸಿಲಲ್ಲಿ ಒಣಗಿಸಿ, ವಾಸನೆ ಹೋದ ಮೇಲೆ ಬದಲಾಯಿಸಿ.

ಪ್ರಶ್ನೆ: ಮಗುವಿಗೆ ಭೇದಿ. ಜೀರಿಗೆ ಹಾಕಿದ ನಿಂಬೆ ಶರಬತ್ತು ಕೊಡಬಹುದಾ?

ಅದನ್ನು ನಂಬಿ ಕೂರಬೇಡಿ. ಓಆರ್‌ಎಸ್ ಪೊಟ್ಟಣ ತನ್ನಿ. ಪೊಟ್ಟಣ ಸಿಗುವವರೆಗೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಮಟ್ಟ ಟೀ ಚಮಚ ಉಪ್ಪು. ಕೈಯಳತೆ ಬೇಡ, ಉಪ್ಪು ಜಾಸ್ತಿಯಾದರೆ ಮಗುವಿಗೇ ತೊಂದರೆ. ಗುಟುಕು ಗುಟುಕಾಗಿ ಕುಡಿಸಿ. ಮಗು ಮಂಕಾಗಿದ್ದರೆ, ಮೂತ್ರ ಕಡಿಮೆಯಾದರೆ, ಕುಡಿದದ್ದೆಲ್ಲ ವಾಂತಿಯಾದರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಮಜ್ಜಿಗೆಗೆ ಜೀರಿಗೆ ಹಸಿಯಾಗಿ ಹಾಕಬೇಕಾ, ಹುರಿದಾ?

ಹುರಿದು. ಎಣ್ಣೆ ಬೇಡ, ಸಣ್ಣ ಉರಿ, ಬಣ್ಣ ಒಂದು ಸುತ್ತು ಗಾಢವಾಗಿ ಘಮ ಬಂದ ಕೂಡಲೇ ಬಾಣಲೆಯಿಂದ ತಟ್ಟೆಗೆ ಸುರಿಯಿರಿ, ಬಾಣಲೆಯಲ್ಲೇ ಬಿಟ್ಟರೆ ಅದರ ಬಿಸಿಗೇ ಸೀದು ಕಹಿಯಾಗುತ್ತದೆ. ಆರಿದ ಮೇಲೆ ತರಿತರಿಯಾಗಿ ಕುಟ್ಟಿಕೊಳ್ಳಿ. ಒಂದು ಪಾಲು ಮೊಸರಿಗೆ ಮೂರು ಪಾಲು ನೀರು, ಇಂಗು, ಕರಿಬೇವು, ಶುಂಠಿ ಚೂರು. ಜೀರಿಗೆ ಮಾತ್ರ ಲೋಟಕ್ಕೆ ಬಗ್ಗಿಸುವಾಗ ಹಾಕಿ, ಮೊದಲೇ ಹಾಕಿಟ್ಟರೆ ಘಮ ಇಳಿದುಹೋಗುತ್ತದೆ.